ಆಂಟಿ-ಲಾ ಪಾಸಿಟಿವ್ ಬಂದರೆ ಟಿಆರ್‌ಎನ್‌ಎ ಕೆಟ್ಟಿದೆ ಎಂದು ಅರ್ಥವೇ? ದಾವಣಗೆರೆ ಬಳಗದ ಪ್ರಶ್ನೋತ್ತರ

ಈ ವಾರದ ವಿಷಯ: ಜೀವಕೋಶದಲ್ಲಿ ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲಗಳನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎ) ಸಿದ್ಧವಾಗುವ ಬಗೆ ಮತ್ತು ಅದನ್ನು ನಿಯಂತ್ರಿಸುವ ಪ್ರೋಟೀನುಗಳು. ಉತ್ತರಿಸುವವರು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಬೋಧಿಸುವ ವೈದ್ಯೆ.

ಸದಸ್ಯರು, ವಿದ್ಯಾನಗರ: ನಮಸ್ಕಾರ ಮೇಡಂ. ನನ್ನ ಹೆಂಡತಿಗೆ ಈಗ 14 ವಾರ. ಕಣ್ಣು, ಬಾಯಿ ಒಣಗುತ್ತಿದ್ದುದರಿಂದ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ರೋ ಮತ್ತು ಲಾ ಎಂಬ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು (ಆಂಟಿಬಾಡಿ) ಎರಡೂ ಪಾಸಿಟಿವ್ ಬಂದವು. ನಿರೋಧಕ ವ್ಯವಸ್ಥೆ ನಮ್ಮದೇ ಗ್ರಂಥಿಗಳ ಮೇಲೆ ತಿರುಗಿಬೀಳುವ ಷೋಗ್ರೆನ್ ಕಾಯಿಲೆ ಎಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಬರೆದುಕೊಟ್ಟಿದ್ದರು. ಟಿಆರ್‌ಎನ್‌ಎ ಸಿದ್ಧವಾಗಲು ಲಾ ಪ್ರೋಟೀನ್ ಬೇಕು ಎಂದು ಓದಿದೆ. ಹಾಗಾದರೆ ಮಗುವಿನ ಮೈಯಲ್ಲಿ ಪ್ರೋಟೀನುಗಳೇ ಸರಿಯಾಗಿ ತಯಾರಾಗುವುದಿಲ್ಲವೇ? ಬಸುರಿಗೆ ಮಾತ್ರೆ ಬೇಡವೆಂದು ಮನೆಯ ಹಿರಿಯರು ನಿಲ್ಲಿಸಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಬಂದಂತೆ ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ.

ವೈದ್ಯೆ: ಮೊದಲು ಕಷಾಯ ನಿಲ್ಲಿಸಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇಂದೇ ಫೋನ್ ಮಾಡಿ, ಅದನ್ನು ನಿಲ್ಲಿಸಿರುವುದನ್ನು ತಿಳಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ಇನ್ನು ನಿಮ್ಮ ಪ್ರಶ್ನೆ. ಟಿಆರ್‌ಎನ್‌ಎ ಜೀನಿನಿಂದ ನಕಲಾಗಿ ಬಂದ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ಅದರ ಎರಡೂ ತುದಿಗಳಲ್ಲಿ ಹೆಚ್ಚುವರಿ ತುಂಡುಗಳಿರುತ್ತವೆ ಮತ್ತು ಬಾಲದ ಕೊನೆಯಲ್ಲಿ ಸಾಲಾಗಿ ಯೂರಿಡಿನ್‌ಗಳು (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ 'ಯು') ಇರುತ್ತವೆ. ಲಾ ಪ್ರೋಟೀನ್ ಹಿಡಿಯುವುದು ಆ ಯೂರಿಡಿನ್ ತುದಿಯನ್ನೇ. ನಮ್ಮೂರಿನ ಹತ್ತಿ ಗಿರಣಿಗಳಲ್ಲಿ ದುಡಿದವರಿಗೆ ಗೊತ್ತು, ತುದಿ ಹಿಡಿಯದ ನೂಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಲಾ ಹಿಡಿಯದಿದ್ದರೆ ತುದಿಯಿಂದ ಕೊರೆಯುವ ಕಿಣ್ವಗಳು ಹಾಗೆಯೇ ಆರ್‌ಎನ್‌ಎಯ ಬಾಲವನ್ನು ಸವೆಸತೊಡಗುತ್ತವೆ. ಲಾ ಅದನ್ನು ಕಾಯುವುದಲ್ಲದೆ, ಎಳೆ ಸರಿಯಾಗಿ ಮಡಚಿಕೊಳ್ಳಲೂ ನೆರವಾಗುತ್ತದೆ. ಸಾಮಾನ್ಯವಾಗಿ ಮೊದಲು ಆರ್‌ಎನ್‌ಏಸ್-ಪಿ ಎಂಬ ಕಿಣ್ವ ಮುಂತುದಿಯ ತುಂಡನ್ನು ಕತ್ತರಿಸುತ್ತದೆ, ಬಳಿಕ ಆರ್‌ಎನ್‌ಏಸ್-ಝಡ್ ಬಾಲವನ್ನು ಕತ್ತರಿಸುತ್ತದೆ. ಬಾಲ ಹೋದ ಮೇಲೆ ಲಾಗೆ ಹಿಡಿತವಿಲ್ಲ. ಕೊನೆಗೆ ಇನ್ನೊಂದು ಕಿಣ್ವ ಸಿ-ಸಿ-ಎ ಎಂಬ ಮೂರು ಅಕ್ಷರಗಳನ್ನು ಜೋಡಿಸುತ್ತದೆ. ಅಮೈನೋ ಆಮ್ಲ ಕೂರುವುದು ಅಲ್ಲಿಯೇ.

ಇದೆಲ್ಲ ನಡೆಯುವುದು ಕೋಶಕೇಂದ್ರದ ಒಳಗೆ. ನಿಮ್ಮ ಹೆಂಡತಿಯ ರಕ್ತದಲ್ಲಿರುವುದು ಲಾ ಪ್ರೋಟೀನಿನ ವಿರುದ್ಧ ಹುಟ್ಟಿದ ಪ್ರತಿಕಾಯ. ಪ್ರತಿಕಾಯ ಇದ್ದ ಮಾತ್ರಕ್ಕೆ ಅವರ ಲಾ ಕೆಟ್ಟಿದೆ, ಟಿಆರ್‌ಎನ್‌ಎ ಕೆಟ್ಟಿದೆ ಎಂದು ಅರ್ಥವಲ್ಲ. ಮಗುವಿನ ಟಿಆರ್‌ಎನ್‌ಎ ತನ್ನ ಪಾಡಿಗೆ ಸಿದ್ಧವಾಗುತ್ತಿರುತ್ತದೆ.

ಆದರೆ ನಾನು ಆತಂಕಪಡುವುದು ಬೇರೆ ಕಾರಣಕ್ಕೆ. ಈ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಹೋಗುತ್ತವೆ. ಬೆಳೆಯುವ ಹೃದಯದಲ್ಲಿ ಸಹಜವಾಗಿ ಸಾಯುವ ಕೋಶಗಳ ಮೇಲ್ಮೈಗೆ ರೋ ಮತ್ತು ಲಾ ಪ್ರೋಟೀನುಗಳು ಬಂದಾಗ ಪ್ರತಿಕಾಯಗಳು ಅಲ್ಲಿ ಅಂಟಿಕೊಂಡು ಉರಿಯೂತ ಹುಟ್ಟಿಸಬಹುದು, ಹೃದಯದ ಬಡಿತವನ್ನು ಸಾಗಿಸುವ ದಾರಿ ಗಾಯಗೊಳ್ಳಬಹುದು ಎಂಬುದು ಇಂದಿನ ತಿಳಿವಳಿಕೆ. ಇದರಲ್ಲಿ ರೋ ಪ್ರತಿಕಾಯದ ಪಾಲೇ ದೊಡ್ಡದು. ರೋ ಇರುವ ತಾಯಂದಿರಲ್ಲಿ ನೂರಕ್ಕೆ ಸುಮಾರು ಇಬ್ಬರ ಮಕ್ಕಳಿಗೆ ಮಾತ್ರ ಹೀಗಾಗುತ್ತದೆ. ಆದರೆ ಹಾದಿ ಪೂರ್ತಿ ಮುಚ್ಚಿದರೆ ಅದು ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಹೆಚ್ಚಿನವು ಕಾಣಿಸಿಕೊಳ್ಳುವುದು 18ರಿಂದ 24ನೇ ವಾರದ ನಡುವೆ, ಅಂದರೆ ನಿಮಗೆ ಇನ್ನು ಕೆಲವೇ ವಾರಗಳಲ್ಲಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಗರ್ಭಿಣಿಯರಲ್ಲಿ ಮುಂದುವರಿಸುವುದೇ ವಾಡಿಕೆ. ಹಿರಿಯರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಅವರು ನಿಲ್ಲಿಸಿರುವುದು ಬೇಕಾದ ಔಷಧವನ್ನೇ.

ನಿವೃತ್ತ ಶಿಕ್ಷಕರು, ಹರಿಹರ: ಅಮೃತಬಳ್ಳಿ ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ಅದು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬುದನ್ನು ತಾವು ಅಲ್ಲಗಳೆಯುವಿರಾ?

ವೈದ್ಯೆ: ಮೇಷ್ಟ್ರೇ, ಇಲ್ಲಿ ಕಾಯಿಲೆ ಬಂದಿರುವುದೇ ನಿರೋಧಕ ವ್ಯವಸ್ಥೆ ದಿಕ್ಕು ತಪ್ಪಿರುವುದರಿಂದ. ಅದನ್ನು ಇನ್ನಷ್ಟು ಕೆರಳಿಸುವುದು ಏಕೆ? ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತು ಹಾನಿಗೊಂಡ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ.

ಸದಸ್ಯೆ, ಪಿ.ಜೆ. ಬಡಾವಣೆ: ಕೋವಿಡ್ ಲಸಿಕೆಯ ಆರ್‌ಎನ್‌ಎಯಿಂದ ನಮ್ಮ ಟಿಆರ್‌ಎನ್‌ಎ ಬದಲಾಗಿದೆಯೇ?

ವೈದ್ಯೆ: ಇಲ್ಲ. ಇಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಎಂಆರ್‌ಎನ್‌ಎ ಲಸಿಕೆಗಳಲ್ಲ.

ಎಂ.ಎಸ್ಸಿ. ವಿದ್ಯಾರ್ಥಿನಿ: ಮೇಡಂ, ಲಾ ಇಲ್ಲದೆ ಕೋಶ ಬದುಕಬಲ್ಲುದೇ?

ವೈದ್ಯೆ: ಒಳ್ಳೆಯ ಪ್ರಶ್ನೆ. ಯೀಸ್ಟ್ ಬದುಕುತ್ತದೆ. ಅಲ್ಲಿ ಲಾ ತೆಗೆದರೆ ಬಾಲವನ್ನು ಒಂದೇ ಏಟಿಗೆ ಕತ್ತರಿಸುವ ಬದಲು ತುದಿಯಿಂದ ಕೊರೆಯುತ್ತಾ ಬರುವ ದಾರಿ ಮೇಲುಗೈ ಪಡೆಯುತ್ತದೆ, ಟಿಆರ್‌ಎನ್‌ಎ ಹೇಗೋ ಸಿದ್ಧವಾಗುತ್ತದೆ. ಆದರೆ ಮಡಚಿಕೆ ದುರ್ಬಲವಾಗಿರುವ ಟಿಆರ್‌ಎನ್‌ಎಗಳಿಗೆ ಲಾ ಬೇಕೇ ಬೇಕು. ಇಲಿಯಲ್ಲಿ ಮಾತ್ರ ಲಾ ಇಲ್ಲದ ಭ್ರೂಣ ಮೊದಲ ಹಂತದಲ್ಲೇ ಸಾಯುತ್ತದೆ. ತುದಿ ಕಾಯುವುದೊಂದೇ ಅದರ ಕೆಲಸವಾಗಿದ್ದರೆ ಇಷ್ಟು ವ್ಯತ್ಯಾಸ ಏಕೆ ಬರಬೇಕು ಎಂದು ಯೋಚಿಸಿ.

ಎಂ.ಎಸ್ಸಿ. ವಿದ್ಯಾರ್ಥಿನಿ: ಹಾಗೆಯೇ ಇನ್ನೊಂದು. ಟಿಎಸ್‌ಇಎನ್ 54 ಎಂಬ ಜೀನಿನ ದೋಷದಲ್ಲಿ ಟಿಆರ್‌ಎನ್‌ಎಯ ಇಂಟ್ರಾನ್ (ನಡುವೆ ಇರುವ ಬೇಡದ ತುಂಡು) ಕತ್ತರಿಸುವ ಕೆಲಸ ಎಲ್ಲ ಕೋಶಗಳಲ್ಲೂ ಏರುಪೇರಾಗಬೇಕಲ್ಲವೇ? ಹೆಚ್ಚಾಗಿ ಕುಗ್ಗುವುದು ಕಿರುಮೆದುಳೇ ಏಕೆ?

ಔಷಧ ಅಂಗಡಿಯವರು, ಚಿತ್ರದುರ್ಗ: ಮೇಷ್ಟ್ರು ನಿನ್ನೆ ಇದೇ ಗುಂಪಿನಲ್ಲಿ 'ಆರ್‌ಎನ್‌ಎ ಶುದ್ಧಿ ಚೂರ್ಣ'ದ ಸಂದೇಶ ಹಾಕಿದ್ದರು. ಇಂಥವನ್ನು ನಂಬಿ ಮಾತ್ರೆ ಬಿಟ್ಟು ಬರುವವರನ್ನು ನಾವು ಅಂಗಡಿಯಲ್ಲಿ ನೋಡುತ್ತಿದ್ದೇವೆ.

ನಿವೃತ್ತ ಶಿಕ್ಷಕರು, ಹರಿಹರ: ಬಂದದ್ದನ್ನು ನಾಲ್ಕು ಜನರಿಗೆ ಉಪಯೋಗವಾಗಲೆಂದು ಕಳಿಸಿದೆ. ಮಾತ್ರೆ ಮಾರುವವರು ಮಾತ್ರೆಯ ಪರ ಮಾತನಾಡುವುದು ಸಹಜ.

ಔಷಧ ಅಂಗಡಿಯವರು, ಚಿತ್ರದುರ್ಗ: ವಯಸ್ಸಿಗೆ ಗೌರವ ಕೊಟ್ಟು ಸುಮ್ಮನಿದ್ದೇನೆ. ಆ ಚೂರ್ಣದಲ್ಲಿ ಏನೇನಿದೆ ಎಂದು ತಾವು ಓದಿದ್ದೀರಾ? ಪೊಟ್ಟಣದ ಮೇಲೆ ಬರೆದೇ ಇಲ್ಲ.

ವೈದ್ಯೆ: ಇಬ್ಬರೂ ನಿಲ್ಲಿಸಿ. ಹೊಟ್ಟೆಗೆ ತೆಗೆದುಕೊಂಡ ಯಾವ ಪುಡಿಯೂ ಕೋಶಕೇಂದ್ರಕ್ಕೆ ಹೋಗಿ ಟಿಆರ್‌ಎನ್‌ಎ ಶುದ್ಧಿ ಮಾಡುವುದಿಲ್ಲ. ಆ ಸಂದೇಶವನ್ನು ದಯವಿಟ್ಟು ಅಳಿಸಿ ಮೇಷ್ಟ್ರೇ.

ಸದಸ್ಯರು, ನಿಟ್ಟುವಳ್ಳಿ: ನನ್ನ ತಂಗಿಗೂ ಲಾ ಪಾಸಿಟಿವ್. ಟಿಆರ್‌ಎನ್‌ಎ ಕೆಟ್ಟಿದೆಯೇ?

ವೈದ್ಯೆ: ಇಲ್ಲ. ಮೇಲೆ ಬರೆದಿದ್ದೇನೆ.

ಸದಸ್ಯೆ, ಹೊನ್ನಾಳಿ: ಈ ಪರೀಕ್ಷೆಗೆ ಎಷ್ಟು ಖರ್ಚಾಗುತ್ತದೆ? ಸಿ-ಸಿ-ಎ ಜೋಡಿಸುವ ಕಿಣ್ವಕ್ಕೂ ಪರೀಕ್ಷೆ ಇದೆಯೇ?

ಸದಸ್ಯರು, ವಿದ್ಯಾನಗರ: ಮೇಡಂ, ವೈದ್ಯರೊಂದಿಗೆ ಮಾತನಾಡಿದೆ, ಮಾತ್ರೆ ಮತ್ತೆ ಶುರು ಮಾಡಲು ಹೇಳಿದರು. ಬಿಟ್ಟ ದಿನಗಳದ್ದನ್ನು ಸೇರಿಸಿ ಎರಡೆರಡು ಕೊಡಬೇಕೇ? ಮಗುವಿನ ಹೃದಯದ ಸ್ಕ್ಯಾನ್ ಒಮ್ಮೆ ಮಾಡಿಸಿದರೆ ಸಾಕೇ?

ವೈದ್ಯೆ: ಎರಡೆರಡು ಕೊಡಲೇಬೇಡಿ, ಚೀಟಿಯಲ್ಲಿ ಬರೆದಷ್ಟೇ ಕೊಡಿ. ಸ್ಕ್ಯಾನ್ ಒಮ್ಮೆ ಸಾಲದು. ಫೀಟಲ್ ಎಕೋ ಅನ್ನು 16ರಿಂದ 18ನೇ ವಾರದೊಳಗೆ ಶುರುಮಾಡಿ 26ನೇ ವಾರದವರೆಗೆ ಹಲವು ಬಾರಿ ಮಾಡುತ್ತಾರೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ಹೆರಿಗೆ ವೈದ್ಯರು ನಿರ್ಧರಿಸಲಿ. ಅವರಿಗೆ ಷೋಗ್ರೆನ್ ಎಂದು ಬಾಯಲ್ಲಿ ಹೇಳಿ ಬರಬೇಡಿ. ರೋ, ಲಾ ವರದಿಯ ಪ್ರತಿಯನ್ನು ತಾಯಿ ಕಾರ್ಡಿಗೆ ಲಗತ್ತಿಸಿಕೊಂಡೇ ಹೋಗಿ.