ಅಪ್‌ಡೇಟ್: ಹಾಫ್ಲಾಂಗ್‌ಗೆ ರೈಲಲ್ಲಿ ಹೋಗಿ ಬಂದೆವು

ಶಿಲ್ಲಾಂಗ್, ಕಾಜಿರಂಗ ಬಿಟ್ಟು ಗುವಾಹಟಿಯಿಂದ ರೈಲಲ್ಲೇ ಹೋಗುವಂಥ ಜಾಗ ಹೇಳಿ ಅಂತ ಕೇಳಿದ್ದೆ. ಜಾಸ್ತಿ ಜನ ಅಸ್ಸಾಂನ ಗುಡ್ಡದೂರು ಹಾಫ್ಲಾಂಗ್ ಅಂದಿದ್ದಿರಿ. ಡಿಸೆಂಬರ್‌ನಲ್ಲಿ ಅಮ್ಮನನ್ನೂ ಕರೆದುಕೊಂಡು ಹೋಗಿ ಬಂದೆ.

2021ರಲ್ಲಿ ಶುರುವಾದ ವಿಸ್ಟಾಡೋಮ್ (ದೊಡ್ಡ ಕಿಟಕಿ, ಗಾಜಿನ ಚಾವಣಿಯ ಬೋಗಿ) ರೈಲನ್ನೇ ಹಿಡಿದೆವು. ದಾರಿಯಲ್ಲಿ ಗದ್ದೆ, ಅಡಿಕೆ ಮರ. 'ಇದೇನೋ, ಶಿರಸಿ ಕಡೆ ಬಂದಂಗಿದೆ ಅಲ್ವಾ' ಅಂದರು ಅಮ್ಮ. ಲುಮ್ಡಿಂಗ್ ಜಂಕ್ಷನ್ ದಾಟಿದ ಮೇಲೆ ಮಾತೇ ನಿಂತಿತು. ಸುರಂಗ, ಸೇತುವೆ, ಮತ್ತೆ ಸುರಂಗ. ಕತ್ತಲಿಂದ ಹೊರಗೆ ಬಂದಾಗೆಲ್ಲ ಗಾಜಿನ ಮೇಲೆ ಮಂಜು, ಅಮ್ಮ ಸೆರಗಲ್ಲಿ ಒರೆಸೋದು. ಮಂಜು ಇದ್ದದ್ದು ಹೊರಗಡೆ! ಇಲ್ಲಿ ಮೀಟರ್‌ಗೇಜ್ (ಕಿರಿದಾದ ಹಳಿ) ಹೋಗಿ ಬ್ರಾಡ್‌ಗೇಜ್ (ಅಗಲದ ಹಳಿ) ಬಂದದ್ದು 2015ರಲ್ಲಿ. ಹಳೇ ಸೇತುವೆಯ ಕಂಬಗಳು ಕಾಡಲ್ಲಿ ಹಾಗೇ ನಿಂತಿವೆ. ನನಗೆ ಹೊಸ ಲೈನ್‌ಗಿಂತ ಅವೇ ಹೆಚ್ಚು ಹಿಡಿಸಿದವು.

ಒಂದು ತಪ್ಪು ಮಾಡಿದೆ. ಹಾಫ್ಲಾಂಗ್ ತಲುಪಿ, ಮಧ್ಯಾಹ್ನ ಉಂಡು ಸುಮ್ನೆ ಮಲಗಿದೆ. ಎದ್ದಾಗ ಐದು ಗಂಟೆ, ಹೊರಗೆ ಪೂರ್ತಿ ಕತ್ತಲು. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಹತ್ತಿರದ ಜತಿಂಗಾ ಹಳ್ಳಿ ನೋಡೋದು ಮರುದಿನಕ್ಕೆ ಹೋಯಿತು.

ಮಳೆಗಾಲದಲ್ಲಿ ಹೋಗಲಾ ಅಂತ ಕೇಳಿದವರಿಗೆ: ಬೇಡ. 2022ರ ಮೇನಲ್ಲಿ ಗುಡ್ಡ ಕುಸಿದು ನ್ಯೂ ಹಾಫ್ಲಾಂಗ್ ಸ್ಟೇಷನ್ನೇ ಕೆಸರಲ್ಲಿ ಮುಳುಗಿತ್ತು.