ಫೋನಿನಲ್ಲಿ ಓದಬೇಡ ಮಗಾ

ಮಗಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡ್ಲಿಕ್ಕೆ ನನಗೆ ಕಣ್ಣು ಸಾಲುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸ್ತೇನೆ. ಉದ್ದ ಆದ್ರೂ ಪೂರ್ತಿ ಕೇಳು. ಬರುವ ಭಾನುವಾರ ಪಂಚಾಶತ್ತಮ, ಅಂದ್ರೆ ಪೆಂಟೆಕೋಸ್ಟ್ ಹಬ್ಬಕ್ಕೆ ಮುಂಬಯಿಯ ನಮ್ಮ ಚರ್ಚಿನ ಕನ್ನಡ ಆರಾಧನೆಯಲ್ಲಿ ನೀನು ಸತ್ಯವೇದದಿಂದ, ಅಂದ್ರೆ ಬೈಬಲಿನಿಂದ, ವಾಕ್ಯ ಓದಬೇಕಂತ ಪಾದ್ರಿ ಅಯ್ಯನವರು ಹೇಳಿದ್ದಾರೆ, ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ, ಕನ್ನಡ ಅಕ್ಷರ ನಿನಗೆ ಸರಿ ಬರುದಿಲ್ಲ, "ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಂಡು ಓದಲಾ ದೊಡ್ಡಮ್ಮ, ತಪ್ಪಿದ್ರೆ ಎಲ್ಲರೂ ನಗ್ತಾರಾ" ಅಂತ ಕೇಳಿದ್ದೀ. ಅದರ ಕೆಳಗೆ ನಿನ್ನ ಮುಲುಂಡ್ ಅತ್ತೆ ಮೂರು ಕೈಮುಗಿದ ಚಿತ್ರ ಹಾಕಿದ್ದಾಳೆ. ಉತ್ತರ ಯಾರೂ ಕೊಡ್ಲಿಲ್ಲ.

ನಾನು ಕೊಡ್ತೇನೆ. ಫೋನಿನಲ್ಲಿ ಓದಬೇಡ. ಬೇರೆ ಎಂತ ಬೇಕಾದ್ರೂ ಮಾಡು, ಫೋನ್ ಹಿಡ್ಕೊಂಡು ಆ ಪೀಠದ ಹತ್ರ ಹೋಗಬೇಡ.

ಥಾಣೆಯಲ್ಲಿ ನಮ್ಮ ತಮ್ಮನ ಮಗಳ ಮದುವೆ ಆಯ್ತಲ್ಲ, ನೀನು ಆಗ ಸಣ್ಣವಳು, ಹೂವಿನ ಬುಟ್ಟಿ ಹಿಡ್ಕೊಂಡು ಮುಂದೆ ನಡೆದದ್ದು ನೀನೇ. ಆ ಮದುವೆಗೆ ಎರಡು ಸಲ ತಾರೀಕು ಗೊತ್ತಾಗಿ ಎರಡು ಸಲವೂ ಮುಂದೆ ಹೋಗಿತ್ತು. ಒಮ್ಮೆ ಗಂಡಿನ ಮನೆಯಲ್ಲಿ ಸಾವು, ಒಮ್ಮೆ ನಮ್ಮ ಕಡೆ ಹಾಲ್ ಸಿಗ್ಲಿಲ್ಲ. ಮೂರನೇ ಸಲಕ್ಕೆ ಧಾರವಾಡದಿಂದ ಅವರ ದಿಬ್ಬಣ ಬಂತು. ವಾಕ್ಯ ಓದುದು ನನ್ನ ಪಾಲಿಗೆ ಬಂತು, ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರ, ಒಂದನೇ ಕೊರಿಂಥ ಹದಿಮೂರು, ಪ್ರೀತಿಯ ಅಧ್ಯಾಯ. ಎಲ್ಲಾ ಮದುವೆಯಲ್ಲೂ ಅದೇ, ನಿನಗೆ ಗೊತ್ತುಂಟಲ್ಲ. ಅದು ನನಗೆ ಬಾಯಿಪಾಠ ಬರ್ತದೆ ಮಗಾ! ಆದ್ರೂ ಹೆದರಿಕೆಗೆ ಅಂತ ಫೋನ್ ಹಿಡ್ಕೊಂಡೆ. ನನ್ನ ಸತ್ಯವೇದ ಮನೆಯಲ್ಲಿ ಇತ್ತು, ಸೀರೆಯ ಜೊತೆ ಆ ದಪ್ಪ ಪುಸ್ತಕ ಎಂತಕ್ಕೆ ಅಂತ ನಿನ್ನ ದೊಡ್ಡಪ್ಪ ಹೇಳಿದ್ರು, ನಾನೂ ಹೌದು ಅಂದೆ.

ಆ ಆ್ಯಪ್‌ನಲ್ಲಿ ಒಂದನೇ ಕೊರಿಂಥ, ಎರಡನೇ ಕೊರಿಂಥ ಒಂದರ ಕೆಳಗೆ ಒಂದು. ಬೆರಳು ಕೆಳಗಿನದ್ದಕ್ಕೆ ತಾಗಿತು. ಎರಡನೆಯದರಲ್ಲೂ ಹದಿಮೂರು ಅಧ್ಯಾಯ ಉಂಟು, ಹಾಗಾಗಿ ಅದು ಸೀದಾ ತೆರೆದುಕೊಂಡಿತು. ನಾನು ಬಾಯಲ್ಲಿ "ಒಂದನೇ ಕೊರಿಂಥ ಹದಿಮೂರು" ಅಂತ ಹೇಳಿ ಕಣ್ಣಿಗೆ ಕಂಡದ್ದನ್ನು ಓದಿದೆ. ಅಲ್ಲಿ ಪೌಲನು ಇದು ಮೂರನೇ ಸಲ ನಿಮ್ಮ ಹತ್ರ ಬರುದು ಅಂತಾನೆ. ಎರಡು ಮೂರು ಸಾಕ್ಷಿಗಳ ಬಾಯಿಂದ ಎಲ್ಲಾ ಮಾತು ಸ್ಥಾಪನೆ ಆಗಬೇಕು ಅಂತಾನೆ. ಮುಂದಿನ ವಚನದಲ್ಲಿ, ಈ ಸಲ ಬಂದ್ರೆ ಸುಮ್ಮನೆ ಬಿಡುದಿಲ್ಲ ಅಂತಾನೆ. ಅಷ್ಟನ್ನೂ ನಾನು ದೊಡ್ಡ ಸ್ವರದಲ್ಲಿ ಓದಿಬಿಟ್ಟೆ. ಅಕ್ಷರ ಹಿಡಿಯುದರಲ್ಲೇ ಮನಸ್ಸು ಇತ್ತು, ಅರ್ಥದ ಮೇಲೆ ಇರ್ಲಿಲ್ಲ. ಧಾರವಾಡದವರ ಮುಖ ನೋಡಿದ ಮೇಲೆ ಗೊತ್ತಾಯ್ತು.

ಗಾಬರಿಯಲ್ಲಿ ಬೆರಳು ಎಳೆದೆ. ಅದು ಓಡಿ ಹೋಗಿ ಅಧ್ಯಾಯದ ಕೊನೆಗೆ ನಿಂತಿತು. ಪವಿತ್ರವಾದ ಮುದ್ದಿಟ್ಟು ವಂದಿಸಿರಿ ಅಂತ ಉಂಟಲ್ಲ, ಅಲ್ಲಿಗೆ. ಅದನ್ನೂ ಅರ್ಧ ಓದಿದೆ. ಹಿಂದೆ ಕೂತ ಹುಡುಗರು ನಕ್ಕರು. ಅಯ್ಯನವರು ಮೆಲ್ಲ ಎದ್ದು ಬಂದು ಪೀಠದ ಮೇಲಿನ ದೊಡ್ಡ ಸತ್ಯವೇದ ತೆರೆದು, ಬೆರಳಿಟ್ಟು ತೋರಿಸಿದ್ರು. ಅದು ಅಲ್ಲಿಯೇ ಇತ್ತು ಮಗಾ, ಕೆಂಪು ರಿಬ್ಬನ್ ಹಾಕಿ, ನನ್ನ ಮೂಗಿನ ಎದುರಿಗೆ.

ಮದುಮಗನ ತಾಯಿ ಇವತ್ತಿಗೂ ನನ್ನ ಹತ್ರ ಸರಿ ಮಾತಾಡುದಿಲ್ಲ. ಮೂರನೇ ಸಲ ಅಂತ ಬೇಕಂತಲೇ ಓದಿದ್ದು ಅಂತ ಅವರ ಮನಸ್ಸಿನಲ್ಲಿ ಕೂತಿದೆ. ನಾನು ಎರಡು ಸಲ ಹೋಗಿ ಹೇಳಿ ಬಂದೆ. ನಂಬಬೇಕಲ್ಲ. ನನಗೆ ಈಗಲೂ ರಾತ್ರಿ ನೆನಪಾದ್ರೆ ಮೈ ಬಿಸಿ ಆಗ್ತದೆ. ಅದಕ್ಕೇ ಹೇಳುದು, ಫೋನಿನಲ್ಲಿ ಓದಬೇಡ.

ಇನ್ನು ನಗುವ ವಿಷಯ. ನಗುದು ಯಾರು ಹೇಳು? ಆರಾಧನೆಗೆ ಬರುದೇ ನಲವತ್ತು ಜನ. ಬೆಳಿಗ್ಗೆ ಒಂಬತ್ತಕ್ಕೆ ಇದ್ದ ನಮ್ಮ ಕನ್ನಡ ಆರಾಧನೆಯನ್ನು ಮಧ್ಯಾಹ್ನ ಮೂರಕ್ಕೆ ಹಾಕಿದ್ರಲ್ಲ, ಹಿರಿಯರನ್ನು ಒಂದು ಮಾತು ಕೇಳಿದ್ರಾ? ಬೆಳಿಗ್ಗೆ ಇಂಗ್ಲಿಷ್ ಆರಾಧನೆಗೆ ಡ್ರಮ್ಮು, ಗಿಟಾರು, ಬಣ್ಣದ ಲೈಟು. ಅದು ಬೇಡ ಅಂತ ನಾನು ಹೇಳುದಿಲ್ಲ, ಮಕ್ಕಳು ಸಂತೋಷದಿಂದ ಹಾಡ್ತಾರೆ, ದೇವರಿಗೆ ಡ್ರಮ್ಮೂ ಕೇಳ್ತದೆ. ಆದ್ರೆ ಊಟ ಮಾಡಿ ಎರಡು ಗಂಟೆಗೆ ಸೆಕೆಯಲ್ಲಿ ಲೋಕಲ್ ಹತ್ತಿ ಬನ್ನಿ ಅಂದ್ರೆ ಎಪ್ಪತ್ತು ದಾಟಿದವರು ಹೇಗೆ ಬರುದು? ಬರದವರಿಗೆ ಲೈವ್ ಉಂಟಂತೆ. ಲೈವ್‌ನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಹೇಗೆ ತೆಗೊಳ್ಳುದು? ಡೊಂಬಿವಲಿ ಚಿಕ್ಕಪ್ಪ ಲುಂಗಿ ಉಟ್ಟು ಸೋಫಾದಲ್ಲಿ ಕೂತು ಆಶೀರ್ವಾದಕ್ಕೆ ಎದ್ದು ನಿಲ್ತಾರೆ, ಅಷ್ಟಾದ್ರೂ ಮಾಡ್ತಾರೆ, ಅದಕ್ಕೆ ಅವರನ್ನು ಮೆಚ್ಚಬೇಕು.

ಕಾಣಿಕೆಯದ್ದೂ ಹಾಗೆಯೇ. ಚೀಲ ಬರುವ ಮೊದಲು ನಿಮ್ಮ ಕೈಗೆಲ್ಲ ನಾನು ಒಂದೊಂದು ನಾಣ್ಯ ಕೊಡ್ತಿದ್ದೆ, ನೆನಪುಂಟಾ? ನೀನು ಬಿಗಿಯಾಗಿ ಹಿಡಿದು ಹಿಡಿದು ಅದು ಬೆವರಲ್ಲಿ ಒದ್ದೆ ಆಗ್ತಿತ್ತು. ಈಗ ಕಂಬಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಅಪ್ಪಂದಿರು ಸ್ಕ್ಯಾನ್ ಮಾಡ್ತಾರೆ. ಮಗುವಿನ ಕೈಯಲ್ಲಿ ಎಂತ ಉಂಟು ಹಾಕ್ಲಿಕ್ಕೆ?

ಮತ್ತೆ ಹಾಡು ತೋರಿಸುವ ಆ ಪರದೆ. ಅಕ್ಷರ ದೊಡ್ಡ ಕಾಣ್ತದೆ, ನನ್ನ ಕಣ್ಣಿಗೆ ಒಳ್ಳೆಯದೇ. ಆದ್ರೆ ಕನ್ನಡ ಸಂಗೀತಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕ್ತಾರಲ್ಲ! ಹಾಡಿನ ಪುಸ್ತಕಗಳನ್ನೆಲ್ಲ ಕಪಾಟಿಗೆ ತುಂಬಿಸಿ ಬೀಗ ಹಾಕಿ ಆಯ್ತು. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂರಿಸಿ, ನಾಲ್ಕು ಸ್ವರದಲ್ಲಿ ಹಾಡುದನ್ನು ನಮ್ಮ ಹಿರಿಯರು ಕಲಿತದ್ದು ಆ ಪುಸ್ತಕದಿಂದ. ನಮ್ಮ ಅಜ್ಜ ಮಂಗಳೂರಿನ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸ್ತಿದ್ದವರು. ಒಂದೊಂದು ಕನ್ನಡ ಅಕ್ಷರವನ್ನೂ ಕೈಯಲ್ಲಿ ಹೆಕ್ಕಿ, ಉಲ್ಟಾ ಇಟ್ಟು, ಸಾಲು ಮಾಡುದು. ಆ ಪ್ರೆಸ್ ನಡೆಸಿದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರಿಗೆ ಕನ್ನಡದ ಗಂಧ ಇರ್ಲಿಲ್ಲ. ಕಿಟೆಲ್ ಅಯ್ಯನವರು ಜರ್ಮನಿಯಿಂದ ಬಂದು ಕಲಿತು 1894ರಲ್ಲಿ ಅಷ್ಟು ದಪ್ಪದ ನಿಘಂಟು ಅಚ್ಚು ಹಾಕಿಸಿದ್ರು. ಜರ್ಮನಿಯವರು ಕಲಿತದ್ದನ್ನು ನಮ್ಮ ಮಕ್ಕಳು ಮುಂಬಯಿಯಲ್ಲಿ ಇದ್ದೇವೆ ಅಂತ ಬಿಟ್ಟುಬಿಟ್ರು. ನಿನ್ನ ಪಪ್ಪನಿಗೆ ನಾನು ಎಷ್ಟು ಸಲ ಹೇಳಿದ್ದೆ, ರಜೆಯಲ್ಲಿ ದಿನಕ್ಕೆ ಐದು ಅಕ್ಷರ ಬರೆಸು ಅಂತ. ಕ್ರಿಕೆಟ್ ಕ್ಯಾಂಪಿಗೆ ಕಳಿಸಿದ. ಈ ಗ್ರೂಪಿನಲ್ಲಿ ಅವನೂ ಇದ್ದಾನೆ, ಕೇಳ್ಲಿ. ನಿನ್ನ ತಪ್ಪಲ್ಲ ಅದು.

ಅಯ್ಯೋ, ನೀನು ಕೇಳಿದ್ದಕ್ಕೆ ಹೇಳ್ಲೇ ಇಲ್ಲ. ಹೇಗೆ ಓದುದು ಅಂತ.

ನೋಡು, ಒಂದು ಕಾಗದ ತೆಗೊ. ಇಂಗ್ಲಿಷ್ ಅಕ್ಷರ ಬೇಡ, ಮರಾಠಿ ಅಕ್ಷರದಲ್ಲಿ ಬರೆ. ಅದು ನೀನು ಶಾಲೆಯಲ್ಲಿ ಹತ್ತು ವರ್ಷ ಕಲಿತದ್ದು. ಇಂಗ್ಲಿಷ್‌ನಲ್ಲಿ ಬರೆದ್ರೆ ಲ, ಳ ಎರಡೂ ಒಂದೇ ಆಗ್ತದೆ, ಆಮೇಲೆ ದೇವರ ಬಳಿ ಅನ್ನುದು ದೇವರ ಬಲಿ ಆಗ್ತದೆ. ಮರಾಠಿಯಲ್ಲಿ ಳ ಉಂಟು, ಬಾಳ, ಶಾಳಾ ಅಂತ ಬರಿತಿದ್ದಿಯಲ್ಲ, ಅದೇ. ಣ ಸಹ ಉಂಟು. ಒಂದೇ ಕಡೆ ಜಾಗ್ರತೆ ಬೇಕು. ಎ, ಏ ಎರಡಕ್ಕೂ ಮರಾಠಿಯಲ್ಲಿ ಒಂದೇ ಅಕ್ಷರ, ಒ, ಓ ಎರಡಕ್ಕೂ ಒಂದೇ. ಬೆಳೆ ಬೇಳೆ ಆಗಬಾರದಲ್ಲ? ಹಾಗಾಗಿ ಎಳೆದು ಹೇಳುವಲ್ಲಿ ಅಕ್ಷರದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಹಾಕು. ನಾನು ನಾಳೆ ಬೆಳಿಗ್ಗೆ ಇಡೀ ಭಾಗ ನಿಧಾನ ಓದಿ ಇಲ್ಲಿಗೇ ಕಳಿಸ್ತೇನೆ, ಅದನ್ನು ಕೇಳ್ತಾ ಬರೆ. ಫೋನ್ ಅಷ್ಟಕ್ಕೆ ಸಾಕು.

ಊರುಗಳ ಹೆಸರು ಬರ್ತದಲ್ಲ, ಮೆಸೊಪೊತಾಮ್ಯ, ಕಪ್ಪದೋಕ್ಯ, ಫ್ರುಗ್ಯ, ಪಂಫುಲ್ಯ, ಅಲ್ಲಿ ಎಲ್ಲರೂ ಎಡವುದೇ. ಎರಡೆರಡು ಹೆಸರಿಗೆ ಒಮ್ಮೆ ಉಸಿರು ತೆಗೊ. ತಪ್ಪಿದ್ರೆ ಹಿಂದೆ ಹೋಗಬೇಡ, ಸಾರಿ ಅಂತ ಹೇಳಬೇಡ, ಮುಂದೆ ಹೋಗು. ಪಂಫುಲ್ಯದವರು ಯಾರೂ ಬಂದು ಕೂತಿರುದಿಲ್ಲ. ಅಷ್ಟು ಊರಿನ ಜನ ತಂತಮ್ಮ ಭಾಷೆಯಲ್ಲೇ ಕೇಳಿದ್ರು ಅಂತ ಬರುವ ವಚನವನ್ನು ಮಾತ್ರ ನಿಧಾನ ಓದು ಮಗಾ, ನನಗೋಸ್ಕರ. ಓದುವ ಮೊದಲು ಕಾಗದವನ್ನು ಆ ದೊಡ್ಡ ಸತ್ಯವೇದದ ಒಳಗೆ ಇಡು, ಇಪ್ಪತ್ತು ನಿಮಿಷ ಮೊದಲೇ ಹೋಗಿ ರಿಬ್ಬನ್ ಸರಿ ಜಾಗದಲ್ಲಿ ಉಂಟಾ ನೋಡು.

ಭಾನುವಾರ ರೈಲು ಹಳಿ ಕೆಲಸದ ಮೆಗಾ ಬ್ಲಾಕ್ ಉಂಟಾ ಅಂತ ಶನಿವಾರವೇ ನೋಡಿಕೊ. ಮಾಟುಂಗಾ ಮುಲುಂಡ್ ನಡುವೆ ಫಾಸ್ಟ್ ಗಾಡಿಗಳನ್ನು ಸ್ಲೋ ಲೈನಿಗೆ ಹಾಕಿದ್ರೆ ಮೂರು ಗಂಟೆಗೆ ನೀನು ಘಾಟ್‌ಕೋಪರ್‌ನಲ್ಲೇ ಇರ್ತೀ. ಒಂದು ಗಂಟೆಗೆ ಮನೆ ಬಿಡು, ಊಟ ನನ್ನಲ್ಲಿ ಮಾಡು, ಒಟ್ಟಿಗೆ ಹೋಗುವ. ಬರೆದಾದ ಮೇಲೆ ಕಾಗದದ ಫೋಟೋ ಕಳಿಸು, ಗೆರೆ ಎಲ್ಲಾ ಸರಿ ಬಿದ್ದಿದೆಯಾ ನೋಡಿ ಹೇಳ್ತೇನೆ.