ಸಹಾಯ ಬೇಕು: ಸುಮ್ನೆ ಹೊಗಳುವ ಅಕ್ಕನಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ. ನನ್ನ ನೆಗೆಣ್ಣಿ ಸಿಂಧನೂರಿನಲ್ಲಿದ್ದಾರೆ, ದೊಡ್ಡವರು, ಅಕ್ಕ ಅಂತಲೇ ಕರೆಯುತ್ತೇನೆ. ಸಿಕ್ಕಾಗೆಲ್ಲ ಬಾಯ್ತುಂಬಾ ಹೊಗಳುತ್ತಾರೆ, ಹಿಂದೆಯೇ ಒಂದು ಕೆಲಸ ಹೇಳುತ್ತಾರೆ.

ಹೋದ ವಾರ ಎಣ್ಣೆಗಾಯಿ ಮಾಡಿದ್ದೆ. ಗುರೆಳ್ಳು ಸೀದು ಕಹಿಯಾಗಿತ್ತು, ನನ್ನ ಮಗನೇ ತಟ್ಟೆ ಸರಿಸಿದ. ಅಕ್ಕ ಮಾತ್ರ ರೊಟ್ಟಿ ಮುರಿಯುತ್ತಾ "ನಿನ್ನ ಕೈರುಚಿ ಯಾರಿಗೂ ಬರಲ್ಲ ತಂಗೀ" ಅಂದರು. ಬದನೆಕಾಯಿ ಹಾಗೇ ತಟ್ಟೆಯ ಅಂಚಿನಲ್ಲಿತ್ತು. ಕೈ ತೊಳೆದವರೇ, ಮಗಳ ಕುಬಸಕ್ಕೆ (ಸೀಮಂತಕ್ಕೆ) ಇನ್ನೂರು ಜೋಳದ ರೊಟ್ಟಿ, ಶೇಂಗಾ ಚಟ್ನಿ ನೀನೇ ಮಾಡಬೇಕು ಅಂದರು. ಹೂಂ ಅಂದುಬಿಟ್ಟೆ. ಆಮೇಲೆ ಅತ್ತೆಯ ಹತ್ತಿರ ನನ್ನ ಅಡುಗೆ ಬಾಯಿಗಿಡೋಕಾಗಲ್ಲ ಅಂದರಂತೆ. ಆ ರಾತ್ರಿ ತುಂಬಾ ಅತ್ತೆ.

ನಕ್ಕು ಸುಮ್ಮನಾಗಿ ನೋಡಿದೆ, ಮಾತು ಬದಲಿಸಿ ನೋಡಿದೆ. "ಅಕ್ಕಾ, ಉಪ್ಪು ಜಾಸ್ತಿಯಾದರೆ ಹೇಳಿಬಿಡಿ" ಅಂದೆ. ಅದಕ್ಕೂ ಹೊಗಳಿದರು! ಯಜಮಾನರು ಬಿಟ್ಟುಬಿಡು ಅಂತಾರೆ. ಆದರೆ ನನ್ನ ಬಾಣಂತನದಲ್ಲಿ ಒಂದು ತಿಂಗಳು ಇದ್ದು ನೋಡಿಕೊಂಡವರು ಇವರೇ. ಆ ಪ್ರೀತಿ ಸುಳ್ಳಲ್ಲ ಅಲ್ವಾ? ಅದಕ್ಕೇ ಮುಖ ಮುರಿದು ಮಾತಾಡಲು ಮನಸ್ಸು ಬರುತ್ತಿಲ್ಲ.

"ಹೊಗಳಬೇಡಿ, ಕೆಲಸವಿದ್ದರೆ ನೇರವಾಗಿ ಕೇಳಿ" ಅನ್ನೋದನ್ನು ಅವರ ಮನಸ್ಸು ನೋಯದಂತೆ ಯಾವ ಮಾತಲ್ಲಿ ಹೇಳಲಿ? ಕುಬಸಕ್ಕೆ ಮೊದಲೇ ಹೇಳಲೋ, ಮುಗಿದ ಮೇಲೋ?